ಹಳೆ ಪಕ್ಕಾಸು, ಬಿದ್ದ ಹಲಸು: ಕರಾವಳಿಯ ಮನೆಗೆ ಮರದ ಅಲಂಕಾರ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಾಪು ಹತ್ತಿರದ ನಮ್ಮ ಅಜ್ಜನ ಮನೆಯ ಮಾಡು (ಸೂರು) ಬಿಚ್ಚಿದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಅಂಗಳದ ಒಂದು ಬದಿಯಲ್ಲಿ ಹೆಂಚು ಅಟ್ಟಿ ಇಟ್ಟಿದ್ದರು. ಇನ್ನೊಂದು ಬದಿಯಲ್ಲಿ ಪಕ್ಕಾಸು (ಮಾಡಿನ ಇಳಿಜಾರಿನ ಉದ್ದ ಮರ), ರೀಪು (ಹೆಂಚು ಕೂರುವ ಅಡ್ಡಪಟ್ಟಿ), ದಾರಂದ (ಬಾಗಿಲಿನ ಚೌಕಟ್ಟು) ಎಲ್ಲ ರಾಶಿ ಬಿದ್ದಿತ್ತು. ಕೆಲಸ ವಹಿಸಿಕೊಂಡವರು ಆ ಮರವನ್ನೆಲ್ಲ ಬಚ್ಚಲ ಒಲೆಯ ಸೌದೆಯ ಲೆಕ್ಕಕ್ಕೆ ಹಾಕಿದ್ದರು. ಪಕ್ಕದ ಮನೆಯ ಬಡಗಿ ಆಚಾರ್ರು ಒಂದು ಪಕ್ಕಾಸಿನ ತುದಿಯನ್ನು ಉಳಿಯಿಂದ ಚೂರು ಕೆತ್ತಿ ತೋರಿಸಿದರು. ಮೇಲೆ ಹೊಗೆ ಹಿಡಿದು ಕಪ್ಪು. ಒಳಗೆ ಜೇನಿನ ಬಣ್ಣ. "ಇದನ್ನು ಸುಡ್ಲಿಕ್ಕೆ ಮನಸ್ಸು ಹೇಗೆ ಬರ್ತದೆ ಮಾರಾಯ್ರೇ?" ಅಂದರು.

ಅವತ್ತು ಹನ್ನೊಂದು ಪಕ್ಕಾಸು ನಮ್ಮ ಮನೆಗೆ ಬಂದವು. ಈಗ ಅವು ಶೆಲ್ಫ್ ಆಗಿವೆ, ಕನ್ನಡಿಯ ಚೌಕಟ್ಟಾಗಿವೆ, ಬಾಗಿಲ ಬಳಿ ಕೊಡೆ ನೇತುಹಾಕುವ ಹಲಗೆಯಾಗಿವೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ಕರಾವಳಿಯಲ್ಲಿ ಮರದ ಕೆಲಸ ಅಂದರೆ ನೀರಿನ ಲೆಕ್ಕ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಇಲ್ಲಿ ಮರ ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಒಣ ಊರಿನವರು ವಿಡಿಯೋದಲ್ಲಿ ತೋರಿಸಿದ್ದನ್ನು ಹಾಗೆಯೇ ಮಾಡಿದರೆ ಜೂನ್‌ನಲ್ಲಿ ಬೂಸು (ಬೂಷ್ಟು), ಜನವರಿಯಲ್ಲಿ ಬಿರುಕು. ಹಾಗಾಗಿ ಇಲ್ಲಿ ಬರೆದಿರುವ ಪ್ರತಿ ಹಂತವನ್ನೂ ನಮ್ಮ ಹವೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ಮರ ಎಲ್ಲಿ ಸಿಗುತ್ತದೆ

ನಮ್ಮ ಕಡೆ ಹಳೆ ಮರಕ್ಕೆ ಬರಗಾಲವಿಲ್ಲ. ಅದಕ್ಕೆ ಕಾರಣವೂ ಉಂಟು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮುಂದೆ ಮುಳಿಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂತು. ಹೆಂಚಿನ ಭಾರ ಹೊರಲು ಗಟ್ಟಿ ಮರವೇ ಬೇಕು. ಹಾಗಾಗಿ ಪ್ರತಿ ಮನೆಯ ಮೇಲೂ ಒಂದು ಸಣ್ಣ ಕಾಡಿನಷ್ಟು ಮರ ಕೂತಿತು. ಈಗ ಆ ಮನೆಗಳು ಒಂದೊಂದಾಗಿ ಟೆರೇಸ್ ಆಗುತ್ತಿವೆ.

ಮೊದಲು ವಿಚಾರಿಸಬೇಕಾದದ್ದು ನಿಮ್ಮ ನೆಂಟರಿಷ್ಟರಲ್ಲಿ. ಯಾರ ಮನೆಯ ಮಾಡು ಬಿಚ್ಚುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಆಮೇಲೆ ಹಳೆ ಬಾಗಿಲು, ಕಿಟಕಿ ಮಾರುವ ಅಂಗಡಿಗಳು. ಮೂರನೆಯದು ಮರದ ಮಿಲ್ಲು. ಅಲ್ಲಿ ದಿಮ್ಮಿ ಸೀಳಿದ ಮೇಲೆ ಉಳಿಯುವ ಹೊರಮೈಯ ಹಲಗೆ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಮರದ ಸಹಜ ಅಂಚು. ಹಳ್ಳಿ ಸೊಗಡಿನ ಶೆಲ್ಫಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ.

ಪಣಂಬೂರಿನ ಬಂದರಿನ ಕಡೆಯಿಂದ ಬರುವ ಪ್ಯಾಲೆಟ್ (ಸರಕಿನ ಅಡಿಗೆ ಇಡುವ ಮರದ ಹಲಗೆಗಳ ಚೌಕಟ್ಟು) ಸಿಕ್ಕಿದರೆ ಅದರ ಮೇಲಿನ ಮುದ್ರೆ ಓದಿ. 'ಎಚ್‌ಟಿ' ಅಂತ ಇದ್ದರೆ ಬಿಸಿ ಕೊಟ್ಟು ಹುಳು ಕೊಂದ ಮರ, ಮನೆಗೆ ತರಬಹುದು. 'ಎಂಬಿ' ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು. ಅದನ್ನು ಅಲ್ಲೇ ಬಿಟ್ಟುಬಿಡಿ.

ಮಲ್ಪೆ, ಬೆಂಗ್ರೆ ಕಡೆ ಹಳೆ ದೋಣಿಯ ಹಲಗೆಯೂ ಸಿಗುವುದುಂಟು. ನೋಡಲು ಅದರಷ್ಟು ಚೆಂದದ ಮರ ಬೇರೆ ಇಲ್ಲ. ಆದರೆ ಅದರ ತುಂಬ ಉಪ್ಪು. ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ, ಹಚ್ಚಿದ ಪಾಲಿಶ್ ಎದ್ದು ಬರುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ಎರಡು ವಾರ ಮುಳುಗಿಸಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಆಮೇಲೆಯೇ ಒಣಗಲು ಇಡಬೇಕು. ಕಡಲ ತೀರದಲ್ಲಿ ಹೆಕ್ಕಿದ ಸಣ್ಣ ಕೊಂಬೆಗಳಿಗೂ ಇದೇ ಕ್ರಮ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲಂಕಾರಕ್ಕಾಗಿ ನಿಂತ ಮರ ಕಡಿಯಬೇಡಿ. ಗಾಳಿಗೆ ಬಿದ್ದದ್ದು, ಸವರಿದ ಕೊಂಬೆ, ಬಿಚ್ಚಿದ ಮನೆಯದ್ದು ಬೇಕಾದಷ್ಟಿದೆ. ಅದೂ ಅಲ್ಲದೆ ಕರ್ನಾಟಕ ಅರಣ್ಯ ಕಾಯ್ದೆ 1963 ಮತ್ತು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976 ಜಾರಿಯಲ್ಲಿವೆ. ಹಲವು ಜಾತಿಯ ಮರ ಕಡಿಯುವುದಕ್ಕೂ, ಸಾಗುವಾನಿ, ಬೀಟೆಯಂಥ ಮರ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ದೊಡ್ಡ ದಿಮ್ಮಿ ಏನೇ ಇರಲಿ, ನೆರೆಯಲ್ಲಿ ತೇಲಿ ಬಂದದ್ದೇ ಆಗಲಿ, ಇಲಾಖೆಯ ಕಚೇರಿಯಲ್ಲಿ ಕೇಳಿಯೇ ತನ್ನಿ.

ಇನ್ನೊಂದು ಕೇಳಬೇಕಾದದ್ದು ಮನೆಯ ಹಿರಿಯರಲ್ಲಿ. ಹಳೆ ಮನೆಯಲ್ಲಿ ದೈವದ ಕೋಣೆಯ ಕಂಬ, ಮಂಚ, ಮಣೆ ಇರುತ್ತವೆ. ಅವುಗಳನ್ನು ಏನು ಮಾಡಬೇಕು ಅನ್ನುವುದಕ್ಕೆ ಕುಟುಂಬದ ಕ್ರಮ ಇರುತ್ತದೆ. ಅದನ್ನು ತಂದು ಚಪ್ಪಲಿ ಸ್ಟ್ಯಾಂಡ್ ಮಾಡಿದರೆ ಅಜ್ಜಿಗೆ ಆಗುವ ನೋವು ಸಣ್ಣದಲ್ಲ.

ಕೈಗೆ ಬಂದ ಮರವನ್ನು ಗುರುತಿಸುವುದು

ಹಳೆ ಪಕ್ಕಾಸುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಿರಾಲ್‌ಬೋಗಿ, ಹೆಬ್ಬಲಸು, ಹಲಸು, ಮತ್ತಿ. ಶ್ರೀಮಂತರ ಮನೆಯಾದರೆ ಸಾಗುವಾನಿ. ಕಿರಾಲ್‌ಬೋಗಿ ಎತ್ತಿದಾಗಲೇ ತಿಳಿಯುತ್ತದೆ, ಕಬ್ಬಿಣದ ಹಾಗೆ ಭಾರ. ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ತೂತು ಕೊರೆಯದೆ ಅದರಲ್ಲಿ ಒಂದು ಸ್ಕ್ರೂ ಕೂಡ ಇಳಿಯದು.

ಹಲಸು ನನಗೆ ಎಲ್ಲಕ್ಕಿಂತ ಇಷ್ಟ. ಹೊಸದಾಗಿ ಕೆತ್ತಿದಾಗ ಅರಿಸಿನ ಬಣ್ಣ, ಬೆಳಕು ಬಿದ್ದ ಹಾಗೆ ವರ್ಷ ವರ್ಷಕ್ಕೂ ಕಂದಾಗುತ್ತಾ ಹೋಗುತ್ತದೆ. ಕೆತ್ತಲು ಹದ, ಒಣಗುವಾಗ ಜಾಸ್ತಿ ತಿರುಚಿಕೊಳ್ಳುವುದಿಲ್ಲ. ಯಕ್ಷಗಾನದ ಚೆಂಡೆ, ಮದ್ದಳೆಯ ಒಡಲಿಗೆ ಹಲಸನ್ನೇ ಆರಿಸುವುದು ಸುಮ್ನೆ ಅಲ್ಲ.

ಮಾವು ಸುಲಭವಾಗಿ ಸಿಗುತ್ತದೆ, ಹುಳುವಿಗೂ ಅಷ್ಟೇ ಇಷ್ಟ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ಮರ ಬೆಳ್ಳಗೆ ಚೆಂದ, ಆದರೆ ಅದರಲ್ಲಿ ಪಿಷ್ಟ ತುಂಬಿರುತ್ತದೆ. ಕಡಿದ ಒಂದೆರಡು ದಿನದಲ್ಲೇ ಮದ್ದು ಹಚ್ಚದಿದ್ದರೆ ಕಪ್ಪು ಕಲೆ ಹಿಡಿಯುತ್ತದೆ. ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಹಾಲೆ ಮರ ಬಹಳ ಮೆತ್ತಗೆ. ಕೆತ್ತನೆ ಕಲಿಯಲು ಒಳ್ಳೆಯದು, ಬಾಳಿಕೆ ಕಡಿಮೆ.

ಮುಟ್ಟಬಾರದ ಮರ ಒಂದಿದೆ, ಹೊಳಗೇರು. ಅದರ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕಾಡಿನಂಚಿನಿಂದ ಬಂದ ಗುರುತಿಲ್ಲದ ಹಸಿ ಕೊಂಬೆಯನ್ನು ಊರಿನ ತಿಳಿದವರಿಗೆ ತೋರಿಸದೆ ಸಿಪ್ಪೆ ಸುಲಿಯಬೇಡಿ.

ಯಾವುದೇ ಕೊರಡನ್ನು ಅಡ್ಡ ಕೊಯ್ದಾಗ ನಡುವಿನ ಗಾಢ ಬಣ್ಣದ ತಿರುಳು, ಸುತ್ತಲಿನ ಬಿಳಿ ಭಾಗ ಎರಡೂ ಕಾಣುತ್ತವೆ. ಹುಳು ಮೊದಲು ಹೋಗುವುದು ಆ ಬಿಳಿ ಭಾಗಕ್ಕೆ. ತಿರುಳು ಜಾಸ್ತಿ ಇರುವ ಮರವನ್ನೇ ಆರಿಸಿ.

ಒಣಗಿಸುವುದು: ಎಲ್ಲಕ್ಕಿಂತ ದೊಡ್ಡ ಕೆಲಸ

ನಾನು ಮೊದಲು ಮಾಡಿದ ಟೀಪಾಯಿ ಮಾವಿನ ಮರದ ದೊಡ್ಡ ಬಿಲ್ಲೆಯದ್ದು. ಕೊಯ್ದ ವಾರದಲ್ಲೇ ಉಜ್ಜಿ, ವಾರ್ನಿಷ್ ಹಚ್ಚಿ, ಕಾಲು ಜೋಡಿಸಿದ್ದೆ. ಆಚಾರ್ರು ನೋಡಿ, "ಅದು ಇನ್ನೂ ಹಸಿ ಉಂಟು, ಒಡೀತದೆ" ಅಂದಿದ್ದರು. ಮೂರನೇ ತಿಂಗಳಿಗೆ ಅಂಚಿನಿಂದ ನಡುವಿನವರೆಗೆ ಹೆಬ್ಬೆರಳು ಹೋಗುವಷ್ಟು ಬಿರುಕು ಬಿಟ್ಟಿತು.

ಯಾಕೆ ಹೀಗಾಗುತ್ತದೆ? ಒಣಗುವಾಗ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ನಡುವಿನಿಂದ ಅಂಚಿನ ದಿಕ್ಕಿಗೆ ಆಗುವುದರ ಸುಮಾರು ಎರಡು ಪಟ್ಟು. ಸುತ್ತಳತೆ ಚಿಕ್ಕದಾಗಲು ಎಳೆಯುತ್ತದೆ, ನಡುವಿನ ಮರ ಬಿಡುವುದಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಅಡ್ಡ ಕೊಯ್ದ ಮುಖದಿಂದ ನೀರು ಪಕ್ಕಗಳಿಗಿಂತ ಎಷ್ಟೋ ಬೇಗ ಹೊರಹೋಗುತ್ತದೆ, ಅದಕ್ಕೇ ಬಿರುಕು ತುದಿಯಿಂದಲೇ ಶುರು.

ಹಾಗಾಗಿ ಕ್ರಮ ಹೀಗೆ.

ಹಸಿ ದಿಮ್ಮಿ ಮನೆಗೆ ಬಂದ ದಿನವೇ ಎರಡೂ ತುದಿಗಳನ್ನು ಮುಚ್ಚಿ. ಕರಗಿಸಿದ ಮೇಣದ ಬತ್ತಿಯಾದರೂ ಸರಿ, ಡಬ್ಬದಲ್ಲಿ ಉಳಿದ ಎನಾಮಲ್ ಪೇಂಟ್ ಆದರೂ ಸರಿ. ದಪ್ಪಗೆ ಎರಡು ಸಲ ಹಚ್ಚಿ. ಬೇಕಾದ ಅಳತೆಗಿಂತ ಎರಡೂ ಕಡೆ ಅರ್ಧ ಅಡಿ ಉದ್ದ ಬಿಟ್ಟೇ ಕೊಯ್ಯಿಸಿ. ತುದಿ ಒಡೆದರೆ ಆ ಭಾಗ ಕತ್ತರಿಸಿ ಬಿಸಾಡಬಹುದು.

ಆಮೇಲೆ ಸಿಪ್ಪೆ. ಸಿಪ್ಪೆ ಇದ್ದರೆ ಚೆಂದ ಅಂತ ತುಂಬ ಜನ ಬಿಡುತ್ತಾರೆ. ನಮ್ಮ ಊರಿಗೆ ಅದು ಆಗಿಬರುವುದಿಲ್ಲ. ಸಿಪ್ಪೆಯ ಅಡಿಯಲ್ಲಿ ತೇವ ನಿಲ್ಲುತ್ತದೆ, ಹುಳು ಮೊಟ್ಟೆ ಇಡುತ್ತದೆ. ಹಸಿಯಿರುವಾಗಲೇ ಅಗಲ ಉಳಿಯಿಂದ ಎಬ್ಬಿಸಿ ತೆಗೆಯಿರಿ. ಅದರ ಕೆಳಗಿನ ಮೈ ಎಷ್ಟು ನುಣುಪಾಗಿ, ಅಲೆ ಅಲೆಯಾಗಿ ಇರುತ್ತದೆ ಅಂದರೆ ಸಿಪ್ಪೆ ಹೋದದ್ದಕ್ಕೆ ಬೇಸರವೇ ಆಗುವುದಿಲ್ಲ.

ಹಲಗೆಯಾದರೆ ಜಗಲಿಯ ಮೇಲೋ ಕೊಟ್ಟಿಗೆಯ ಮಾಡಿನ ಕೆಳಗೋ ಅಟ್ಟಿ ಇಡಿ. ನೆಲದಿಂದ ಒಂದಡಿ ಎತ್ತರ ಇರಲಿ. ಪ್ರತಿ ಎರಡು ಹಲಗೆಯ ನಡುವೆ ಒಂದೇ ದಪ್ಪದ ರೀಪಿನ ತುಂಡುಗಳನ್ನು ಎರಡಡಿಗೊಂದರಂತೆ, ಒಂದರ ನೇರಕ್ಕೆ ಇನ್ನೊಂದು ಬರುವ ಹಾಗೆ ಇಡಿ. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಪರ್ಯಾಯಕ್ಕೆ ಮುಂಚೆ ಮಧ್ವ ಸರೋವರದ ಬಳಿ ಕಟ್ಟುವ ಕಟ್ಟಿಗೆ ರಥವನ್ನು ಹತ್ತಿರದಿಂದ ನೋಡಿದ್ದೀರಾ? ಅಷ್ಟು ಎತ್ತರದ ರಾಶಿಯಲ್ಲೂ ಸೌದೆಯ ನಡುವೆ ಗಾಳಿ ಆಡಲು ಜಾಗ ಇರುತ್ತದೆ. ನಮ್ಮ ಸಣ್ಣ ಅಟ್ಟಿಗೂ ಬೇಕಾದದ್ದು ಅದೇ. ನೇರ ಬಿಸಿಲು ಬೇಡ, ಗಾಳಿ ಬೇಕು.

ಎಷ್ಟು ದಿನ? ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಹಳೆ ಲೆಕ್ಕ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಒಣಗುವುದು ನಿಂತಂತೆಯೇ. ಅಂದಾಜಿಗಿಂತ ತೂಕ ನಂಬಿ. ತಿಂಗಳಿಗೆ ಎರಡು ಸಲ ಒಂದು ಹಲಗೆಯನ್ನು ತೂಕ ಮಾಡಿ, ಸೀಮೆಸುಣ್ಣದಲ್ಲಿ ಅದರ ಮೇಲೆಯೇ ಬರೆಯಿರಿ. ಫೆಬ್ರವರಿ, ಮಾರ್ಚ್‌ನಲ್ಲಿ ಮೂರು ಸಲ ತೂಗಿದರೂ ತೂಕ ಇಳಿಯದಿದ್ದರೆ ಮರ ಒಣಗಿದೆ ಅಂತ ಅರ್ಥ. ತೇವ ಅಳೆಯುವ ಮೀಟರ್ ಇದ್ದರೆ 12ರಿಂದ 14 ಶೇಕಡಾ ತೋರಿಸಿದಾಗ ಕೆಲಸ ಶುರು ಮಾಡಿ.

ಹಳೆ ಪಕ್ಕಾಸಿನ ದೊಡ್ಡ ಗುಣ ಇಲ್ಲೇ ಇರುವುದು. ಎಷ್ಟೋ ಮಳೆಗಾಲ, ಎಷ್ಟೋ ಬೇಸಿಗೆ ಅದು ಉಬ್ಬಿ ಕುಗ್ಗಿ ಮುಗಿಸಿದೆ. ತಿರುಚಬೇಕಾದದ್ದು ತಿರುಚಿ ಆಗಿದೆ, ಒಡೆಯಬೇಕಾದದ್ದು ಒಡೆದು ಆಗಿದೆ. ಹೊಸದಾಗಿ ಕಲಿಯುವವರು ಹಸಿ ದಿಮ್ಮಿಯ ಬದಲು ಹಳೆ ಮನೆಯ ಮರದಿಂದ ಶುರು ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಒರಲೆ (ಗೆದ್ದಲು), ಕುಟ್ಟೆ

ಹಳೆ ಮರ ತಂದ ಕೂಡಲೇ ಮನೆಯೊಳಗೆ ಸೇರಿಸಬೇಡಿ. ಒಂದು ವಾರ ಹೊರಗೆ, ಕಪ್ಪು ಬಟ್ಟೆಯ ಮೇಲೆ ಇಡಿ. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಕುಟ್ಟೆ ಹುಳು ಜೀವಂತ ಇದೆ. ಬೆರಳಿನಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬಂದರೆ ಆ ಭಾಗ ಕತ್ತರಿಸಿ ತೆಗೆಯಿರಿ.

ಮನೆಯಲ್ಲೇ ಮಾಡಬಹುದಾದ ಮದ್ದು ಇದು. ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡ್ ಪುಡಿ ಹಾಕಿ ಪೂರ್ತಿ ಕರಗಿಸಿ. ಪಾಲಿಶ್ ಇಲ್ಲದ ಬರಿ ಮರಕ್ಕೆ ಬ್ರಷ್‌ನಿಂದ ಮೂರು ಸಲ ಹಚ್ಚಿ, ತೂತುಗಳಿಗೆ ಸಿರಿಂಜ್‌ನಲ್ಲಿ ಬಿಡಿ. ರಬ್ಬರ್ ಮರಕ್ಕೆ ಕಾರ್ಖಾನೆಗಳಲ್ಲಿ ಕೊಡುವುದೂ ಇದೇ ಬಗೆಯ ಮದ್ದು. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಅಡುಗೆ ಪಾತ್ರೆ ಬಳಸಬೇಡಿ. ಮಳೆಗೆ ತೊಳೆದು ಹೋಗುವ ಮದ್ದಾದ್ದರಿಂದ ಇದು ಮನೆಯೊಳಗಿನ ವಸ್ತುವಿಗೆ ಮಾತ್ರ. ತಟ್ಟೆ, ಬಟ್ಟಲು ಇಡುವ ಬಿಲ್ಲೆಗಳಿಗೂ ಬೇಡ.

ಹೊರಗೆ ಇಡುವ ವಸ್ತುವಿಗೆ ನಮ್ಮ ಹಿರಿಯರ ಗೇರೆಣ್ಣೆ ಇದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ಪಕ್ಕಾಸಿಗೆ, ದೋಣಿಗೆ ಹಚ್ಚುತ್ತಿದ್ದರು. ಒರಲೆ ಹತ್ತಿರ ಬರುವುದಿಲ್ಲ. ಬಣ್ಣ ಮಾತ್ರ ಕಪ್ಪು, ಒಣಗಲು ವಾರಗಳು ಬೇಕು, ಮೈಗೆ ತಾಗಿದರೆ ಚರ್ಮ ಸುಡುತ್ತದೆ. ಗೇಟಿನ ಬಳಿಯ ಬೆಂಚಿನ ಅಡಿಭಾಗಕ್ಕೆ, ಹೂಕುಂಡ ಇಡುವ ಕೊರಡಿನ ಬುಡಕ್ಕೆ ಹಚ್ಚಿ. ಕೂರುವ ಕಡೆ, ಮುಟ್ಟುವ ಕಡೆ ಬೇಡ.

ಹಳೆ ಮರವನ್ನು ಹದ ಮಾಡುವುದು

ಮೊದಲು ಮೊಳೆ. ಒಂದು ಮೊಳೆ ಒಳಗೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ, ಮೆಷಿನ್ ಆದರೆ ಕೈಗೇ ಅಪಾಯ. ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತವನ್ನು ಮರದ ಮೇಲೆ ನಿಧಾನ ಜಾರಿಸಿದರೆ ಅಡಗಿದ ಮೊಳೆ ಗೊತ್ತಾಗುತ್ತದೆ. ತಲೆ ಮುರಿದ ಮೊಳೆಯನ್ನು ಹಿಂದಿನಿಂದ ಬಡಿದು ಹೊರಡಿಸಿ. ಮೊಳೆಯ ಸುತ್ತ ಇರುವ ಕಪ್ಪು ಕಲೆ ಕಬ್ಬಿಣಕ್ಕೂ ಮರದ ಒಗರಿಗೂ ಸೇರಿ ಆದದ್ದು. ಅದನ್ನು ಉಜ್ಜಿ ತೆಗೆಯಲು ಹೋಗಬೇಡಿ. ಅದೇ ಆ ಮರದ ಗುರುತು.

ಆಮೇಲೆ ಮಸಿ, ಧೂಳು. ತೆಂಗಿನ ನಾರಿನ ಬ್ರಷ್, ಸ್ವಲ್ಪ ಸೋಪಿನ ನೀರು ಸಾಕು. ತೊಳೆದು ಒಂದು ವಾರ ನೆರಳಲ್ಲಿ ಒಣಗಿಸಿ.

ಹಳೆ ಬಾಗಿಲು, ಕಿಟಕಿಗೆ ಪೇಂಟ್ ಇದ್ದರೆ ಬಹಳ ಎಚ್ಚರ. ಹಳೆ ಎನಾಮಲ್ ಪೇಂಟ್‌ಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಹಳೆ ಪೇಂಟನ್ನು ಒಣಗಿದ ಹಾಗೆಯೇ ಉಜ್ಜಬೇಡಿ, ಬೆಂಕಿ ಹಿಡಿದು ಸುಡಬೇಡಿ. ಪೇಂಟ್ ಬಿಡಿಸುವ ದ್ರಾವಣ ಹಚ್ಚಿ, ಒದ್ದೆಯಿರುವಾಗಲೇ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ತೆಗೆಯಿರಿ. ಮಾಸ್ಕ್ ಬೇಕೇ ಬೇಕು. ಸಣ್ಣ ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ಪೇಂಟ್ ಇರುವ ಮರವನ್ನು ತರದಿರುವುದೇ ಒಳ್ಳೆಯದು.

ಉಜ್ಜುವಾಗ ಜಾಸ್ತಿ ಉಜ್ಜಬೇಡಿ. 80ನೇ ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 120, ಕೊನೆಗೆ 220. ಕೈ ತಾಗುವ ಅಂಚುಗಳಲ್ಲಿ ಸಿಬಿರು ಇರಬಾರದು. ಉಳಿದ ಕಡೆ ಹಳೆ ಕೀಸುಳಿಯ ಗುರುತು, ಕೊಡಲಿಯ ಏಟು ಇದ್ದರೆ ಉಳಿಸಿ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ಜೋಡಿಸಿದ ಹಳೆ ಮನೆಗಳಿವೆ. ಅಲ್ಲಿನ ಕುಂಜೂರು ಚೌಕಿಮನೆಯ ಕಂಬದ ಹತ್ತಿರ ನಿಂತು ನೋಡಿ. ಹಳೆ ಮರದಲ್ಲಿ ಏನನ್ನು ಉಳಿಸಬೇಕು ಅನ್ನುವುದು ನನಗೆ ತಿಳಿದದ್ದು ಅಲ್ಲಿ.

ಪಕ್ಕಾಸಿನ ಗೋಡೆ ಶೆಲ್ಫ್

ಇದನ್ನು ಎರಡು ದಿನದಲ್ಲಿ ಮುಗಿಸಬಹುದು. ಬೇಕಾದದ್ದು ನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪದ ಪಕ್ಕಾಸಿನ ಮೂರಡಿಯ ಎರಡು ತುಂಡು, ಎರಡು ಕಬ್ಬಿಣದ ಬ್ರಾಕೆಟ್, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಸಲಕರಣೆಗೆ ಕೈಗರಗಸ, ಡ್ರಿಲ್, ರಸಮಟ್ಟ, ಮೂಲೆಮಟ್ಟ ಸಾಕು. ಸಾಮಾನ್ಯ ಕಬ್ಬಿಣದ ಸ್ಕ್ರೂ ಕಡಲ ಗಾಳಿಗೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಮರವನ್ನೂ ಕಪ್ಪು ಮಾಡುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ.

1. ಎರಡು ತುಂಡುಗಳನ್ನು ಪಕ್ಕ ಪಕ್ಕ ಮಲಗಿಸಿ ನೋಡಿ. ಒಳ್ಳೆಯ ಮುಖ ಮೇಲೆ, ಒಳ್ಳೆಯ ಅಂಚು ಮುಂದೆ. ರೀಪಿನ ಮೊಳೆಯ ತೂತುಗಳ ಸಾಲು ಮುಂದಿನ ಅಂಚಿಗೆ ಬಂದರೆ ನೋಡಲು ಚೆಂದ.

2. ಮೂಲೆಮಟ್ಟ ಇಟ್ಟು ನಾಲ್ಕೂ ಮುಖಕ್ಕೆ ಗೆರೆ ಎಳೆದು ಕೊಯ್ಯಿರಿ. ಹಳೆ ಪಕ್ಕಾಸು ಪೂರ್ತಿ ಚೌಕ ಇರುವುದಿಲ್ಲ, ಒಂದೇ ಮುಖದ ಗೆರೆ ನಂಬಿದರೆ ತುದಿ ಓರೆಯಾಗುತ್ತದೆ.

3. ವೆಲ್ಡಿಂಗ್ ಅಂಗಡಿಯಲ್ಲಿ 25 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಪಟ್ಟಿಯಿಂದ 'ಎಲ್' ಆಕಾರದ ಬ್ರಾಕೆಟ್ ಮಾಡಿಸಿ. ಮರದ ಕೆಳಗೆ ಬರುವ ಕೈ ಏಳು ಇಂಚು, ಗೋಡೆಗೆ ತಾಗುವ ಕೈ ಎಂಟು ಇಂಚು ಇರಲಿ. ಕೆಳಗಿನಿಂದ ಒಂದು ಓರೆ ಪಟ್ಟಿಯ ಆಧಾರವನ್ನೂ ಕೊಡಿಸಿ. ರೆಡ್ ಆಕ್ಸೈಡ್ ಒಂದು ಸಲ, ಕಪ್ಪು ಪೇಂಟ್ ಎರಡು ಸಲ.

4. ಎಲ್ಲ ಆರು ಮುಖಕ್ಕೂ ಪಾಲಿಶ್ ಹಚ್ಚಿ ಒಣಗಿಸಿ. ಹಿಂಬದಿ ಯಾರಿಗೂ ಕಾಣುವುದಿಲ್ಲ ಅಂತ ಬಿಟ್ಟರೆ ಆ ಬದಿಯಿಂದ ತೇವ ಕುಡಿದು ಮರ ಬಾಗುತ್ತದೆ.

5. ಗೋಡೆ ಆರಿಸಿ. ನಮ್ಮ ಮಳೆ ಪಡುವಣದಿಂದ ಹೊಡೆಯುತ್ತದೆ, ಆ ಕಡೆಯ ಹೊರಗೋಡೆ ಜುಲೈನಲ್ಲಿ ಒಳಗೂ ತೇವ ಬಿಡುತ್ತದೆ. ಕೋಣೆಗಳ ನಡುವಿನ ಒಳಗೋಡೆಯೇ ಒಳ್ಳೆಯದು.

6. ಕೆಂಪುಕಲ್ಲಿನ ಗೋಡೆಯಾದರೆ ಡ್ರಿಲ್ಲಿನ ಬಡಿಯುವ ಗುಂಡಿ ಬಂದ್ ಮಾಡಿ, ಬರಿ ತಿರುಗಿಸಿಯೇ ಕೊರೆಯಿರಿ. ಬಡಿದರೆ ಕಲ್ಲು ಉದುರಿ ತೂತು ಅಗಲವಾಗುತ್ತದೆ. ಕಲ್ಲಿನ ಸಂದಿಗೆ ಕೊರೆಯಬೇಡಿ, ಕಲ್ಲಿನ ನಡುವಿಗೆ ಕೊರೆಯಿರಿ. 10 ಮಿಲಿಮೀಟರಿನ ಪ್ಲಗ್, 80 ಮಿಲಿಮೀಟರ್‌ಗೆ ಕಡಿಮೆ ಇಲ್ಲದ ಸ್ಕ್ರೂ. ಬ್ರಾಕೆಟ್ ಒಂದಕ್ಕೆ ಮೂರು.

7. ಎರಡು ತುಂಡುಗಳನ್ನು ಫೆವಿಕಾಲ್ ಹಾಕಿ ಅಂಟಿಸಬೇಡಿ. ನಡುವೆ ಮೂರು ಮಿಲಿಮೀಟರ್ ಸಂದು ಬಿಟ್ಟು, ಕೆಳಗಿನಿಂದ ಬೇರೆ ಬೇರೆಯಾಗಿ ಸ್ಕ್ರೂ ಹಾಕಿ. ಮಳೆಗಾಲದಲ್ಲಿ ಆ ಸಂದು ಕಿರಿದಾಗುತ್ತದೆ, ಮಾರ್ಚ್‌ನಲ್ಲಿ ಅಗಲವಾಗುತ್ತದೆ. ನೋಡುವುದೇ ಒಂದು ಖುಷಿ.

ಕಿರಾಲ್‌ಬೋಗಿಯಾದರೆ ಮರವೇ ಎಂಟು ಕಿಲೋ ತೂಗುತ್ತದೆ. ಹಾಗಾಗಿ ಮಂಚದ ತಲೆಯ ಮೇಲೆ ಇಂಥ ಶೆಲ್ಫ್ ಬೇಡ.

ಹಲಸಿನ ಕೊರಡಿನ ಸ್ಟೂಲ್

ಹನ್ನೆರಡು ಇಂಚು ಅಡ್ಡಳತೆಯ ಕೊರಡು ಪೂರ್ತಿ ಒಣಗಲು ಕಾಯುತ್ತಾ ಕೂತರೆ ಆರೇಳು ವರ್ಷ ಬೇಕು. ಹಾಗಾಗಿ ಇಲ್ಲಿ ಬೇರೆ ಉಪಾಯ. ಬಿರುಕನ್ನು ತಡೆಯುವುದಲ್ಲ, ಅದು ಎಲ್ಲಿ ಬರಬೇಕು ಅಂತ ನಾವೇ ತೀರ್ಮಾನಿಸುವುದು.

ಹದಿನೆಂಟು ಇಂಚು ಉದ್ದದ ಕೊರಡು ತೆಗೆದುಕೊಂಡು ಸಿಪ್ಪೆ ಸುಲಿಯಿರಿ. ಹಿಂಬದಿ ಯಾವುದು ಅಂತ ಗುರುತು ಮಾಡಿ, ಆ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ನಡುವಿನ ತನಕ ಇಳಿಯುವ ಒಂದೇ ಒಂದು ನೇರ ಸೀಳು ಹಾಕಿ. ಇದನ್ನು ಮಿಲ್ಲಿನಲ್ಲೇ ಮಾಡಿಸಿಕೊಳ್ಳಿ, ಮನೆಯಲ್ಲಿ ಚೈನ್ ಗರಗಸ ಹಿಡಿಯುವ ಸಾಹಸ ಬೇಡ. ಆಮೇಲೆ ಬುಡದಿಂದ, ಸರಿ ನಡುವೆ, ಒಂದಿಂಚು ದಪ್ಪದ ಬೈರಿಗೆಯಿಂದ ಅರ್ಧದವರೆಗೆ ತೂತು ಕೊರೆಯಿರಿ. ಇನ್ನು ಕೊರಡು ಕುಗ್ಗುವಾಗ ಎಲ್ಲ ಎಳೆತವೂ ಆ ಸೀಳಿನ ಕಡೆಗೆ ಹೋಗುತ್ತದೆ. ಸೀಳು ಸ್ವಲ್ಪ ಬಾಯಿ ಅಗಲಿಸುತ್ತದೆ, ಉಳಿದ ಮೈ ಹೆಚ್ಚಾಗಿ ಹಾಗೇ ಉಳಿಯುತ್ತದೆ. ಎರಡು ಇಟ್ಟಿಗೆಯ ಮೇಲೆ, ನೆರಳಲ್ಲಿ, ತುದಿಗೆ ಮೇಣ ಹಚ್ಚಿ ಒಂದು ಪೂರ್ತಿ ವರ್ಷ ಬಿಡಿ. ಎರಡು ವರ್ಷ ಬಿಟ್ಟರೆ ಇನ್ನೂ ಒಳ್ಳೆಯದು.

ಒಣಗಿದ ಮೇಲೆ ಮಟ್ಟ ಮಾಡುವುದು. ಕೊರಡನ್ನು ಸಮ ನೆಲದ ಮೇಲೆ ನಿಲ್ಲಿಸಿ, ಓಲಾಡುವ ಕಡೆ ಸಣ್ಣ ಚಕ್ಕೆ ಕೊಟ್ಟು ನೇರ ಮಾಡಿ. ಒಂದಿಂಚು ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು, ಅದನ್ನು ನೆಲದ ಮೇಲೆ ಜಾರಿಸುತ್ತಾ ಕೊರಡಿನ ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ ಕೊಯ್ದರೆ ಬುಡ ನೆಲಕ್ಕೆ ಸರಿಯಾಗಿ ಕೂರುತ್ತದೆ. ಈಗ ಮಟ್ಟ ಮಾಡಿದ ಬುಡದ ಮೇಲೆ ಕೊರಡನ್ನು ನಿಲ್ಲಿಸಿ, ನೆಲದಿಂದ 16 ಇಂಚು ಅಳೆದು ಮೇಲಿನ ಮುಖಕ್ಕೂ ಗೆರೆ ಹಾಕಿ ಕೊಯ್ಯಿರಿ. ಬುಡಕ್ಕೆ ಮೂರು ರಬ್ಬರ್ ಗುಂಡಿ ಹೊಡೆಯಿರಿ. ಮೂರೇ ಸಾಕು, ಮೂರು ಕಾಲು ಯಾವ ನೆಲದ ಮೇಲೂ ಅಲುಗುವುದಿಲ್ಲ. ಅರ್ಧ ಇಂಚು ಎತ್ತರದ ಗುಂಡಿಯಾದರೆ ಅಡಿಗೆ ಗಾಳಿಯೂ ಆಡುತ್ತದೆ, ನೆಲ ಒರೆಸಿದ ನೀರೂ ಮರಕ್ಕೆ ತಾಗುವುದಿಲ್ಲ.

ಉಳಿದ ತುಂಡುಗಳಿಂದ

ರೀಪು ಉಳಿದರೆ ಕನ್ನಡಿಗೋ ಫೋಟೋಗೋ ಚೌಕಟ್ಟು ಮಾಡಿ. 45 ಡಿಗ್ರಿ ಮೂಲೆ ಕೂಡಿಸುವುದು ಹೊಸಬರಿಗೆ ಕಷ್ಟ, ನಮ್ಮ ಹವೆಗೆ ಆ ಮೂಲೆ ಬಾಯಿ ಬಿಡುವುದೂ ಜಾಸ್ತಿ. ಒಂದರ ಮೇಲೆ ಒಂದು ಬರುವಂತೆ ಅರ್ಧರ್ಧ ಕಚ್ಚು ತೆಗೆದು ಕೂಡಿಸಿ.

ಕೈ ಗಾತ್ರದ ಕೊಂಬೆಯಿಂದ ಟೀ ಲೋಟ ಇಡುವ ಬಿಲ್ಲೆ ಮಾಡಬಹುದು. ಮೂರು ಇಂಚಿಗಿಂತ ಸಣ್ಣ ಕೊಂಬೆ, ಅರ್ಧ ಇಂಚು ದಪ್ಪ, ಸ್ವಲ್ಪ ಓರೆಯಾಗಿ ಕೊಯ್ದರೆ ಒಡೆಯುವುದು ಕಡಿಮೆ. ಮರದ ಹೊಟ್ಟಿನೊಳಗೆ ಹೂತಿಟ್ಟು ಒಂದು ತಿಂಗಳು ನಿಧಾನ ಒಣಗಿಸಿ. ಹತ್ತು ಕೊಯ್ದರೆ ಏಳು ಉಳಿದಾವು.

ಗಾಳಿಮರದ (ಸರ್ವೆ ಮರ) ಕವಲು ಕೊಂಬೆಗಳು ಕೊಡೆ, ಚೀಲ ನೇತುಹಾಕಲು ಒಳ್ಳೆಯ ಕೊಕ್ಕೆ. ಪಕ್ಕಾಸಿನ ತುಂಡಿಗೆ ಹಿಂದಿನಿಂದ ಸ್ಕ್ರೂ ಹಾಕಿದರೆ ಆಯಿತು.

ಪಾಲಿಶ್

ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮಳೆಯ ದಿನ ಮೆಲಮೈನ್ ಪಾಲಿಶ್ ಹಚ್ಚಿದರೆ ಗಾಳಿಯ ತೇವ ಸಿಕ್ಕಿಹಾಕಿಕೊಂಡು ಬೆಳ್ಳಗೆ ಮಂಜು ಕವಿದಂತೆ ಆಗುತ್ತದೆ. ಅಗಸೆ ಎಣ್ಣೆ ಮರದ ಬಣ್ಣವನ್ನು ಎತ್ತಿ ತೋರಿಸುತ್ತದೆ, ಆದರೆ ಹಸಿ ಅಗಸೆ ಎಣ್ಣೆಗೆ ನಮ್ಮಲ್ಲಿ ಬೂಸು ಬೇಗ ಹಿಡಿಯುತ್ತದೆ. ಬೇಗ ಒಣಗುವಂತೆ ಹದ ಮಾಡಿದ್ದನ್ನೇ ಕೇಳಿ ತನ್ನಿ. ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ.

ನಾನು ಮಾಡುವುದು ಹೀಗೆ. ಹದ ಮಾಡಿದ ಅಗಸೆ ಎಣ್ಣೆ ಒಂದೇ ಸಲ, ತೆಳ್ಳಗೆ. ಹದಿನೈದು ನಿಮಿಷ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯುವುದು. ಒಂದು ವಾರ ಒಣಗಿದ ಮೇಲೆ ಹೊಳಪಿಲ್ಲದ ಪಿಯು (ಪಾಲಿಯುರಿಥೇನ್ ಪಾಲಿಶ್) ಮೂರು ಕೋಟ್, ಪ್ರತಿ ಕೋಟ್ ನಡುವೆ 320ನೇ ನಂಬರಿನ ಪೇಪರ್‌ನಿಂದ ಹಗುರ ಉಜ್ಜು. ಅಡ್ಡ ಕೊಯ್ದ ಮುಖಕ್ಕೆ ಒಂದು ಕೋಟ್ ಹೆಚ್ಚು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಒಂದೊಂದೇ ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ.

ಮಳೆಗಾಲದಲ್ಲಿ

ಗೋಡೆಗೆ ನೇತುಹಾಕಿದ ವಸ್ತುವಿನ ಹಿಂದೆ ಬೆರಳು ಹೋಗುವಷ್ಟು ಜಾಗ ಇರಲಿ. ಚೌಕಟ್ಟಿನ ಕೆಳಮೂಲೆಗೆ ಎರಡು ರಬ್ಬರ್ ಗುಂಡಿ ಅಂಟಿಸಿದರೂ ಸಾಕು. ಬೂಸು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅರ್ಧ ನೀರು ಅರ್ಧ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಗಾಳಿಗೆ ಇಡಿ. ಮಳೆ ಬಿಟ್ಟ ಬೆಳಿಗ್ಗೆ ಸ್ಟೂಲನ್ನು ಜಗಲಿಗೆ ತಂದು ಇಡಿ, ಎಳೆ ಬಿಸಿಲಿನಲ್ಲಿ ಅರ್ಧ ಗಂಟೆ. ಸೋಣ ತಿಂಗಳು (ತುಳು ಪಂಚಾಂಗದ್ದು, ಸೆಪ್ಟೆಂಬರ್ ನಡುವಿನವರೆಗೆ) ಮುಗಿದ ಮೇಲೆ ಶೆಲ್ಫಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ ನೋಡಿ. ಮರ ಕುಗ್ಗಲು ಶುರುವಾದಾಗ ಅವು ಅರ್ಧ ಸುತ್ತಿನಷ್ಟು ಸಡಿಲ ಆಗಿರುತ್ತವೆ.